ಹಿರಿಯರ ಮಧ್ಯಾಹ್ನದ ಪಂಕ್ತಿ ಮತ್ತೆ ಶುರು ಮಾಡುವುದು ಹೇಗೆ? ದಾವಣಗೆರೆಯವರು, ದುರ್ಗದವರು ದಯವಿಟ್ಟು ಹೇಳಿ

ಹಳೇಪೇಟೆ ಅಕ್ಕ | ಅಕ್ಟೋಬರ್ 2021

ಎಲ್ಲರಿಗೂ ನಮಸ್ಕಾರ. ಹಳೇ ದಾವಣಗೆರೆಯಲ್ಲಿ ನಮ್ಮ ಓಣಿಯವರು ಸೇರಿ ವಯಸ್ಸಾದವರಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದದ್ದು ಇಲ್ಲಿ ಹಲವರಿಗೆ ಗೊತ್ತು. ಅಕ್ಕಿ ಒಬ್ಬರು ಕೊಡುತ್ತಾರೆ, ಬೇಳೆ ಮಂಡಿಪೇಟೆಯವರೊಬ್ಬರು ಕೊಡುತ್ತಾರೆ, ಬಡಿಸುವುದಕ್ಕೆ ನಾವಿದ್ದೇವೆ. ಬರುವವರಲ್ಲಿ ಹೆಚ್ಚಿನವರು ಹತ್ತಿ ಮಿಲ್ಲುಗಳಲ್ಲಿ ದುಡಿದವರು, ಇಲ್ಲವೇ ಗಂಡ ತೀರಿಕೊಂಡ ಮೇಲೆ ಒಂಟಿಯಾಗಿರುವ ಅಜ್ಜಿಯರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಪಂಕ್ತಿ ನಿಂತಿತು. ಅಲ್ಲಿಂದ ಬುತ್ತಿ ಕಟ್ಟಿ ಮನೆ ಬಾಗಿಲಿಗೆ ಮುಟ್ಟಿಸುತ್ತಿದ್ದೇವೆ.

ಈಗ ಅವರೇ ಕೇಳುತ್ತಿದ್ದಾರೆ. "ಹೋಟೆಲ್ ತೆಗೆದಿದೆ, ಟಾಕೀಸು ತೆಗೆದಿದೆ, ದುಗ್ಗಮ್ಮನ ಗುಡಿ ತೆಗೆದಿದೆ. ನಮ್ಮ ಊಟದ ಮನೆ ಯಾವಾಗ ತೆಗೀತೀರವ್ವಾ?" ಎರಡೂ ಡೋಸ್ ಆದವರು ಸಾಕಷ್ಟು ಜನ ಇದ್ದಾರೆ. 60 ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಶುರುವಾಗಿತ್ತಲ್ಲ.

ನನ್ನ ಮನಸ್ಸಿನಲ್ಲಿರುವುದು ಇಷ್ಟು. ತೆಗೆಯಬೇಕು. ಆದರೆ ಮೊದಲಿನ ಹಾಗೆ ಎಪ್ಪತ್ತು ಜನರನ್ನು ಒಂದೇ ಹಾಲ್‌ನಲ್ಲಿ ಕೂರಿಸುವುದಲ್ಲ. ಪಂಕ್ತಿ ತೆಗೆದೆವು ಅಂತ ಬುತ್ತಿ ನಿಲ್ಲಿಸುವುದೂ ಅಲ್ಲ. ಎರಡೂ ಜೊತೆಗೇ ನಡೆಯಬೇಕು, ಯಾವುದು ಬೇಕು ಅಂತ ಹಿರಿಯರೇ ಹೇಳಬೇಕು. ಸಮುದಾಯ ಭವನ ಉದ್ದಕ್ಕಿದೆ, ಕಿಟಕಿ ಒಂದೇ ಕಡೆ. ಹಿಂದೆ ಅಂಗಳ ಇದೆ, ಬೇವಿನ ಮರ ಇದೆ. ಅನುಭವ ಇದ್ದವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಅಡುಗೆಯವರು ಎಲ್ಲರೂ ಬರೆಯಿರಿ. ವಿರೋಧ ಇದ್ದವರು ಕೂಡ.

ಕೆಟಿಜೆ ನಗರ

ಅಕ್ಕಾ, ನಿಮ್ಮ ಕೆಲಸದ ಬಗ್ಗೆ ಗೌರವ ಇದೆ. ಆದರೆ ಬೇಡ ಅನ್ನುವುದು ನನ್ನ ಮಾತು. ಈ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನಿಗೆ ಬೆಡ್ ಹುಡುಕಿಕೊಂಡು ಊರೆಲ್ಲ ಸುತ್ತಿದ್ದೇವೆ. ಹಿಂದಿನ ವರ್ಷ ಜೂನ್‌ನಲ್ಲಿ ಗುಡಿ, ಹೋಟೆಲ್ ತೆಗೆದಾಗಲೂ 65 ದಾಟಿದವರು ಮನೆಯಲ್ಲೇ ಇರಿ ಅಂತಲೇ ಕೇಂದ್ರ ಸರ್ಕಾರ ಹೇಳಿತ್ತು. ಬುತ್ತಿ ಹೋಗುತ್ತಿದೆ, ಯಾರೂ ಉಪವಾಸ ಇಲ್ಲ. ಹೀಗಿರುವಾಗ ಅಪಾಯ ಯಾಕೆ? ಇನ್ನೊಂದು ಅಲೆ ಬಂದರೆ ಯಾರು ಜವಾಬ್ದಾರಿ?

ಹಳೇಪೇಟೆ ಅಕ್ಕ

ನೀವು ಕೇಳಿದ್ದು ಸರಿಯಾಗಿಯೇ ಇದೆ, ತಮ್ಮಾ. ನಿಮ್ಮ ದೊಡ್ಡಪ್ಪನ ವಿಷಯ ಓದಿ ಬೇಜಾರಾಯಿತು. ಆದರೆ "ಯಾರೂ ಉಪವಾಸ ಇಲ್ಲ" ಅನ್ನುವ ಮಾತಿಗೆ ನಾನು ಕಂಡದ್ದನ್ನು ಹೇಳಬೇಕು.

ಬುತ್ತಿ ಕೊಡುವುದು ಒಂದು ಗಂಟೆಗೆ. ಮಾರನೇ ದಿನ ಡಬ್ಬಿ ವಾಪಸ್ ತರುವಾಗ ತೆಗೆದು ನೋಡಿ. ಒಬ್ಬರ ಡಬ್ಬಿಯಲ್ಲಿ ಅನ್ನ ಹಾಗೇ ಗಟ್ಟಿಯಾಗಿ ಕೂತಿರುತ್ತದೆ, ಸಾರು ಮಾತ್ರ ಕುಡಿದಿರುತ್ತಾರೆ. ಇನ್ನೊಬ್ಬರು ಅರ್ಧ ಮಧ್ಯಾಹ್ನ, ಅರ್ಧ ರಾತ್ರಿ ಅಂತ ಇಟ್ಟುಕೊಳ್ಳುತ್ತಾರೆ. ಪಲ್ಯ ಹಳಸಿದ ವಾಸನೆ ನಮಗೆ ಡಬ್ಬಿ ತೊಳೆಯುವಾಗ ಗೊತ್ತಾಗುತ್ತದೆ. ಅವರಿಗೆ ಗೊತ್ತಾಗಿರುವುದಿಲ್ಲ, ವಯಸ್ಸಿಗೆ ಮೂಗು ಮಂದವಾಗಿರುತ್ತದೆ. ಒಬ್ಬ ಅಜ್ಜಿ ಪಂಕ್ತಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವರು. ಈಗ ಅವರ ಬಳೆ ಮೊಣಕೈವರೆಗೂ ಜಾರುತ್ತದೆ. ಕೇಳಿದರೆ "ಒಬ್ಬಳೇ ಕೂತು ತಿನ್ನೋಕೆ ಗಂಟಲಲ್ಲಿ ಇಳಿಯಲ್ಲವ್ವಾ" ಅನ್ನುತ್ತಾರೆ.

ಪಂಕ್ತಿ ಇದ್ದಾಗ ಯಾರು ಬಂದಿಲ್ಲ ಅಂತ ಅಕ್ಕಪಕ್ಕದವರೇ ಹೇಳುತ್ತಿದ್ದರು. ಯಾರ ಕಾಲು ಊದಿದೆ, ಯಾರ ಶುಗರ್ ಮಾತ್ರೆ ಮುಗಿದಿದೆ ಅಂತ ಊಟಕ್ಕೆ ಕೂತಾಗಲೇ ತಿಳಿಯುತ್ತಿತ್ತು. ಮನೆಯಲ್ಲಿ ಸುಮ್ನೆ ಕೂತಿರುವುದರಲ್ಲೂ ಅಪಾಯ ಇದೆ. ಅದು ಕಾಣಿಸುವುದಿಲ್ಲ, ಅಷ್ಟೇ. ಬರಲು ಹೆದರುವವರನ್ನು ನಾವು ಎಳೆದು ತರುವುದಿಲ್ಲ. ಅವರ ಬುತ್ತಿ ಅವರಿಗೆ ಹೋಗಿಯೇ ಹೋಗುತ್ತದೆ.

ನಿಟುವಳ್ಳಿ ನರ್ಸ್

ನಾನು ಎರಡೂ ಅಲೆಯಲ್ಲಿ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ನನ್ನ ಪ್ರಕಾರ ತೆಗೆಯಬಹುದು. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದು ಮೊದಲು ಸ್ಪಷ್ಟ ಆಗಲಿ.

ತಟ್ಟೆಯಿಂದ, ಊಟದಿಂದ ಈ ಸೋಂಕು ಹರಡಿದ್ದಕ್ಕೆ ಆಧಾರ ಇಲ್ಲ. ಹರಡುವುದು ಉಸಿರಿನಿಂದ. ಮುಚ್ಚಿದ ಕೋಣೆಯಲ್ಲಿ ಒಬ್ಬ ಬೀಡಿ ಸೇದಿದರೆ ಮೂಲೆಯಲ್ಲಿ ಕೂತವನಿಗೂ ಹೊಗೆ ಬರುವುದಿಲ್ಲವೇ, ಇದೂ ಹಾಗೆಯೇ. ಇನ್ನು ಊಟದ ಹೊತ್ತಿನಲ್ಲಿ ಮಾಸ್ಕ್ ಇರುವುದಿಲ್ಲ, ಪಕ್ಕ ಪಕ್ಕ ಕೂತಿರುತ್ತಾರೆ, ಮಾತಾಡುತ್ತಾರೆ. ಅದಕ್ಕೇ ಊಟದ ಜಾಗ ಬೇರೆ ಎಲ್ಲ ಜಾಗಕ್ಕಿಂತ ಸೂಕ್ಷ್ಮ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ಊರಿನ ಒಂದು ಹೋಟೆಲ್‌ನಲ್ಲಿ ಅಕ್ಕಪಕ್ಕದ ಮೂರು ಟೇಬಲ್‌ಗಳಲ್ಲಿ ಕೂತಿದ್ದ ಮೂರು ಕುಟುಂಬದ 10 ಜನರಿಗೆ ಸೋಂಕು ಬಂತು. ಕಿಟಕಿ ಇಲ್ಲದ ಜಾಗ, ಏಸಿ ಗಾಳಿ ಅದೇ ಟೇಬಲ್‌ಗಳ ಮೇಲೆ ಸುತ್ತುತ್ತಿತ್ತು.

ಹಾಗಾಗಿ ದುಡ್ಡನ್ನು ಸ್ಯಾನಿಟೈಸರ್ ಸುರಂಗಕ್ಕೆ, ಔಷಧಿ ಸಿಂಪಡಣೆಗೆ ಹಾಕಬೇಡಿ. ಮನುಷ್ಯರ ಮೈಮೇಲೆ ಬ್ಲೀಚಿಂಗ್ ನೀರು ಸಿಂಪಡಿಸಬೇಡಿ ಅಂತ ಆರೋಗ್ಯ ಇಲಾಖೆ 2020ರ ಏಪ್ರಿಲ್‌ನಲ್ಲೇ ಹೇಳಿದೆ. ಗಾಳಿ ಆಡುವ ಹಾಗೆ ಮಾಡಿ. ಅಂಗಳ ಇದ್ದರೆ ಅಂಗಳವೇ ಒಳ್ಳೆಯದು.

ಇನ್ನೊಂದು ಮುಖ್ಯ ವಿಷಯ. ಬಾಗಿಲಲ್ಲಿ ಹಣೆಗೆ ಗನ್ ಹಿಡಿದು ಜ್ವರ ಇಲ್ಲ ಅಂದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ವಯಸ್ಸಾದವರಿಗೆ ಜ್ವರ ಬಾರದೆಯೂ ಕೋವಿಡ್ ಇರುತ್ತದೆ. ಊಟ ಸೇರುವುದಿಲ್ಲ, ತುಂಬಾ ಸುಸ್ತು, ಎಲ್ಲಿದ್ದೇವೆ ಅನ್ನುವ ಗೊಂದಲ, ಇದ್ದಕ್ಕಿದ್ದಂತೆ ಬೀಳುವುದು, ಇವನ್ನೇ ಮೊದಲು ನೋಡಬೇಕು. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಪಲ್ಸ್ ಆಕ್ಸಿಮೀಟರ್ ಒಂದು ಇಟ್ಟುಕೊಳ್ಳಿ. 94ಕ್ಕಿಂತ ಕೆಳಗೆ ಬಂದರೆ ಮನೆಗೆ ಕಳಿಸಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಕೈ ತಣ್ಣಗಿದ್ದರೆ, ಉಗುರಿಗೆ ಮದರಂಗಿ ಇದ್ದರೆ ತಪ್ಪು ತೋರಿಸಬಹುದು. ಕೈ ಉಜ್ಜಿ ಬಿಸಿ ಮಾಡಿ, ಬೇರೆ ಬೆರಳಿಗೆ ಹಾಕಿ ಇನ್ನೊಮ್ಮೆ ನೋಡಿ.

ಮಿಲ್ಲಿನ ಹಳೇ ಕೈ

ನಾನು ಆ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದವನು. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಆ ಹೆಸರು ಬಂದಾಗ ನಾವು ಒಳಗೆ ಹತ್ತಿ ದೂಳು ಕುಡಿಯುತ್ತಿದ್ದೆವು. ವಾರದ ರಜೆ ಮುಗಿಸಿ ಮೊದಲನೇ ಪಾಳಿಗೆ ಹೋದ ದಿನ ಎದೆ ಹಿಡಿದುಕೊಳ್ಳುತ್ತಿತ್ತು, ವಾರ ಕಳೆದಂತೆ ಸಡಿಲ ಆಗುತ್ತಿತ್ತು. ಬಿಸಿನೋಸಿಸ್ ಅಂತ ಅದರ ಹೆಸರು ಅಂತ ಬಹಳ ವರ್ಷ ಆದ ಮೇಲೆ ಒಬ್ಬ ಡಾಕ್ಟರ್ ಹೇಳಿದರು. ನಮ್ಮ ಪೈಕಿ ತುಂಬಾ ಜನರಿಗೆ ದಮ್ಮು ಇದೆ. ಆದ್ದರಿಂದ ಈ ರೋಗ ಬಂದರೆ ನಮಗೇ ಜಾಸ್ತಿ ಕಷ್ಟ. ಅದು ನಮಗೆ ಗೊತ್ತಿಲ್ಲ ಅಂತ ತಿಳಿಯಬೇಡಿ.

ಕೆಟಿಜೆ ನಗರದ ತಮ್ಮಾ, ನಿನ್ನ ಕಾಳಜಿ ದೊಡ್ಡದು. ಆದರೆ ನಮ್ಮ ಬಗ್ಗೆ ಎಲ್ಲರೂ ತೀರ್ಮಾನ ಮಾಡುತ್ತಾರೆ. ಮಗ ಮಾಡುತ್ತಾನೆ, ಸೊಸೆ ಮಾಡುತ್ತಾಳೆ, ಸರ್ಕಾರ ಮಾಡುತ್ತದೆ. ಅಪಾಯ ಎಷ್ಟು, ಏನು ಏರ್ಪಾಡು ಮಾಡಿದ್ದಾರೆ ಅಂತ ಸರಿಯಾಗಿ ಹೇಳಿ. ಬರಬೇಕೋ ಬೇಡವೋ ನಾವು ಯೋಚನೆ ಮಾಡುತ್ತೇವೆ. ನನ್ನ ಜೊತೆ ಸ್ಪಿನ್ನಿಂಗ್‌ನಲ್ಲಿದ್ದ ಗೆಳೆಯ ಎದುರು ಸಾಲಿನಲ್ಲಿ ಕೂರುತ್ತಿದ್ದ. ಅವನ ಮನೆ ಎರಡು ಓಣಿ ಆಚೆ. ಅವನಿಗೆ ಕಿವಿ ಕೇಳದು, ಫೋನ್ ಉಪಯೋಗ ಇಲ್ಲ. ಅವನ ಮುಖ ನೋಡಬೇಕು ಅನ್ನುವುದು ಸಣ್ಣ ಆಸೆ ಅಂತ ನನಗೆ ಅನಿಸುವುದಿಲ್ಲ.

ಕೆಟಿಜೆ ನಗರ

ಅಜ್ಜಾರೆ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ತೆಗೆಯುವುದೇ ಆದರೆ ಏರ್ಪಾಡು ಪಕ್ಕಾ ಇರಲಿ, ಅಷ್ಟೇ ನನ್ನ ಬೇಡಿಕೆ. ಸೋಂಕು ಜಾಸ್ತಿಯಾದರೆ ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಈಗಲೇ ಬರೆದಿಡಿ. ಆಮೇಲೆ ಮುಖ ದಾಕ್ಷಿಣ್ಯಕ್ಕೆ ಎಳೆಯುವುದು ಬೇಡ.

ವಿನೋಬನಗರ ಎಲೆಕ್ಟ್ರಿಷಿಯನ್

ಹಾಲ್ ವಿಷಯ ನನಗೆ ಬಿಡಿ, ಬಂದು ನೋಡುತ್ತೇನೆ. ಅಲ್ಲಿಯವರೆಗೆ ನೀವೇ ಒಂದು ಪರೀಕ್ಷೆ ಮಾಡಿ. ಫ್ಯಾನ್ ಎಲ್ಲ ಬಂದ್ ಮಾಡಿ, ಜನ ಕೂರುವ ಎತ್ತರದಲ್ಲಿ ಊದುಬತ್ತಿ ಹಚ್ಚಿಡಿ. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಕಿಟಕಿ ಕಡೆಗೆ ಎಳೆದುಕೊಂಡು ಹೋದರೆ ಗಾಳಿ ಆಡುತ್ತಿದೆ. ನೆಟ್ಟಗೆ ಮೇಲೆ ಹೋಗಿ ಅಲ್ಲೇ ನಿಂತರೆ ಆ ಮೂಲೆಯಲ್ಲಿ ಯಾರನ್ನೂ ಕೂರಿಸಬೇಡಿ.

ಒಂದೇ ಕಡೆ ಕಿಟಕಿ ಇದ್ದರೆ ಗಾಳಿ ದಾಟುವುದಿಲ್ಲ. ಎದುರು ಗೋಡೆಯಲ್ಲಿ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಒಳಗಿನದನ್ನು ಹೊರಗೆ ತಳ್ಳುತ್ತದೆ, ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಸೀಲಿಂಗ್ ಫ್ಯಾನ್ ಇರುವ ಗಾಳಿಯನ್ನೇ ತಿರುಗಿಸುತ್ತದೆ, ಅದನ್ನು ನಂಬಬೇಡಿ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವ ಬದಲು ಜಾಲರಿ ಹೊಡೆಸಿ. ಅಂಗಳಕ್ಕೆ ಶಾಮಿಯಾನ ಹಾಕಿದರೆ ಮೇಲೆ ಮಾತ್ರ ಇರಲಿ. ಮದುವೆ ಮನೆಯ ಹಾಗೆ ಸುತ್ತ ಪರದೆ ಕಟ್ಟಿದರೆ ಅದೂ ಒಂದು ಕೋಣೆಯೇ ಆಯಿತು.

ಅಡುಗೆ ಸೌಟು

ಮೂವತ್ತು ವರ್ಷದಿಂದ ಮದುವೆ ಅಡುಗೆ ಮಾಡುತ್ತಿರುವವನು ನಾನು, ಲಾಕ್‌ಡೌನ್‌ನಲ್ಲಿ ಕೆಲಸ ಇಲ್ಲದಾಗ ನಿಮ್ಮ ಬುತ್ತಿಗೂ ಸಾರು ಕುದಿಸಿದ್ದೇನೆ. ನರ್ಸ್ ಮೇಡಂ ಊಟದಿಂದ ಕೋವಿಡ್ ಬರಲ್ಲ ಅಂದರು, ಸರಿ. ಆದರೆ ಊಟದಿಂದ ಬೇರೆ ಕಾಯಿಲೆ ಬರುತ್ತದೆ. ಅದನ್ನು ಮರೆಯಬಾರದು. ಬೇಯಿಸಿದ ಅನ್ನವನ್ನು ಮಧ್ಯಾಹ್ನದಿಂದ ರಾತ್ರಿವರೆಗೆ ಡಬ್ಬಿಯಲ್ಲೇ ಇಟ್ಟರೆ ಅದರಲ್ಲಿ ಕೀಟಾಣು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಗಟ್ಟಿಮುಟ್ಟಾದವನಿಗೆ ಒಂದು ದಿನ ವಾಂತಿ ಭೇದಿ. 80ರ ಅಜ್ಜನಿಗೆ ಅದೇ ದೊಡ್ಡದಾಗುತ್ತದೆ. ಬಿಸಿ ಬಿಸಿ ಬಡಿಸಿ ಅಲ್ಲೇ ಊಟ ಮಾಡಿಸುವುದಕ್ಕೆ ನನ್ನ ಬೆಂಬಲ ಇರುವುದು ಇದಕ್ಕೂ ಹೌದು. ಬುತ್ತಿ ತೆಗೆದುಕೊಳ್ಳುವವರಿಗೆ ಎರಡು ಗಂಟೆ ಒಳಗೆ ಊಟ ಮುಗಿಸಿ ಅಂತ ಹೇಳಿ. ರಾತ್ರಿಗೆ ಬೇಕು ಅನ್ನುವವರಿಗೆ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಬೇರೆ ಕಟ್ಟಿ. ಅದು ಕೆಡುವುದಿಲ್ಲ. ಹಲ್ಲಿಲ್ಲದವರು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿನ್ನುತ್ತಾರೆ.

ಅಡುಗೆಮನೆಯಲ್ಲಿ ಸ್ಯಾನಿಟೈಸರ್ ಬಾಟಲಿ ಒಲೆ ಹತ್ತಿರ ಇಡಬೇಡಿ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಸೋಪು, ನೀರು ಸಾಕು. ಕೈಗವಸು ಹಾಕಿಕೊಂಡವರು ಅದೇ ಕೈಯಲ್ಲಿ ಮೂಗು ಒರೆಸಿ ಅದೇ ಕೈಯಲ್ಲಿ ಸೌಟು ಹಿಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಬರಿಗೈ ಆಗಾಗ ತೊಳೆದರೆ ಅದೇ ಮೇಲು. ಬಾಳೆ ಎಲೆ ಸಿಕ್ಕರೆ ಎಲೆ, ಇಲ್ಲವೆಂದರೆ ಸ್ಟೀಲ್ ತಟ್ಟೆ ಬಿಸಿನೀರಲ್ಲಿ ತೊಳೆಯೋಣ. ಪ್ಲಾಸ್ಟಿಕ್ ತಟ್ಟೆ ಮಾತ್ರ ಬೇಡ.

ಅಡುಗೆಯವರಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಆ ದಿನದ ಕೂಲಿ ಕೊಟ್ಟೇ ಮನೆಗೆ ಕಳಿಸಿ. ಕೂಲಿ ಹೋಗುತ್ತದೆ ಅಂದರೆ ಯಾರೂ ಕೆಮ್ಮು ಇದೆ ಅಂತ ಹೇಳುವುದಿಲ್ಲ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹಳೇಪೇಟೆ ಅಕ್ಕ

ಅಣ್ಣಾ, ಕೂಲಿ ಕೊಟ್ಟು ಕಳಿಸುವ ಮಾತು ಒಪ್ಪಿದೆ. ಇವತ್ತೇ ಖರ್ಚಿನ ಪುಸ್ತಕದಲ್ಲಿ ಬರೆದುಕೊಂಡೆ.

ನೆರೆ ಓಣಿ

ಎರಡೂ ಡೋಸ್ ಆಗದವರನ್ನು ಒಳಗೆ ಬಿಡಬೇಡಿ. ಬಾಗಿಲಲ್ಲಿ ಸರ್ಟಿಫಿಕೇಟ್ ನೋಡಿ ಬಿಡಿ.

ಆಶಾ ಅಕ್ಕ

ನಾನು ಇದೇ ವಾರ್ಡಿನ ಆಶಾ ಕಾರ್ಯಕರ್ತೆ. ಬಾಗಿಲಲ್ಲಿ ಸರ್ಟಿಫಿಕೇಟ್ ಕೇಳಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಹಸಿದು ಬಂದ ಹಿರಿಯರನ್ನು ಹತ್ತು ಜನರ ಮುಂದೆ ವಾಪಸ್ ಕಳಿಸಿದರೆ ಅವರು ಊಟಕ್ಕೂ ಬರುವುದಿಲ್ಲ, ಲಸಿಕೆಗೂ ಬರುವುದಿಲ್ಲ. ಪಟ್ಟಿ ನನ್ನ ಹತ್ತಿರ ಇದೆ. ಎರಡನೇ ಡೋಸ್ ಆಗಿ 14 ದಿನ ಕಳೆದವರು ಯಾರು, ಮೊದಲನೆಯದು ಮಾತ್ರ ಆದವರು ಯಾರು ಅಂತ ಮೊದಲೇ ಅಕ್ಕನಿಗೆ ಹೇಳುತ್ತೇನೆ. ಕೋವಿಶೀಲ್ಡ್ ಮೊದಲನೇ ಡೋಸ್ ಆದವರು ಎರಡನೆಯದಕ್ಕೆ 84 ದಿನ ಕಾಯಬೇಕು. ಅಲ್ಲಿಯವರೆಗೆ ಅವರಿಗೆ ಬುತ್ತಿ ಹೋಗಲಿ.

ಲಸಿಕೆ ಹಾಕಿಸಿಕೊಳ್ಳದವರ ಮನೆಗೆ ಹೋದಾಗ ಕೇಳಿದ ಕಾರಣಗಳು ನೀವಂದುಕೊಂಡ ಹಾಗೆ ಇಲ್ಲ. ಒಬ್ಬರಿಗೆ ಮಂಡಿ ನೋವು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾಗುವುದಿಲ್ಲ. ಒಬ್ಬರ ಆಧಾರ್ ಮಗನ ಊರಲ್ಲಿದೆ. ಒಬ್ಬ ಅಜ್ಜಿಗೆ, ಜ್ವರ ಬಂದರೆ ನೀರು ಕೊಡುವವರು ಯಾರು ಅನ್ನುವ ಭಯ. ಆ ಅಜ್ಜಿಗೆ ಲಸಿಕೆ ಹಾಕಿದ ರಾತ್ರಿ ಜೊತೆಗೆ ಮಲಗಲು ಯಾರನ್ನಾದರೂ ಕಳಿಸಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಬಡಿಸುವ ಹುಡುಗರಿಗೂ ಎರಡೂ ಡೋಸ್ ಆಗಿರಬೇಕು. ಊರೆಲ್ಲ ತಿರುಗುವವರು ಅವರೇ ಅಲ್ವಾ?

ಆಜಾದ್ ನಗರ

ನಮ್ಮ ಕಡೆಯ ನಾಲ್ಕೈದು ಹಿರಿಯರು ಮೊದಲು ಅಲ್ಲಿಗೆ ಬರುತ್ತಿದ್ದರು. ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಬರುವಷ್ಟರಲ್ಲಿ ಪಂಕ್ತಿ ಎದ್ದಿರುತ್ತಿತ್ತು, ಆ ದಿನ ಬಿಟ್ಟುಬಿಡುತ್ತಿದ್ದರು. ಈಗ ಹೇಗೂ ಬೇರೆ ಬೇರೆ ಪಂಕ್ತಿ ಮಾಡುತ್ತೀರಿ ಅಂದರೆ ಶುಕ್ರವಾರದ ಕೊನೆಯ ಪಂಕ್ತಿ ಎರಡೂವರೆಗೆ ಇಡಲು ಆಗುತ್ತದಾ, ಅಕ್ಕಾ? ಬಡಿಸಲು ನಾನು, ನಮ್ಮ ತಮ್ಮ ಬರುತ್ತೇವೆ.

ಹಳೇಪೇಟೆ ಅಕ್ಕ

ಆಗುತ್ತದೆ, ಭಾಯಿ. ಇಡೋಣ. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಮಾತ್ರ ಮೊದಲನೇ ಪಂಕ್ತಿಗೇ ಹಾಕುತ್ತೇನೆ. ಸೂಜಿ ತೆಗೆದುಕೊಂಡು ಊಟಕ್ಕೆ ಕಾಯುವ ಹಾಗೆ ಆಗಬಾರದು. ನಿಮ್ಮ ಕಡೆಯವರಲ್ಲಿ ಯಾರಾದರೂ ಇದ್ದರೆ ತಿಳಿಸಿ, ಶುಕ್ರವಾರ ಅವರಿಗೆ ಬುತ್ತಿ ಕಳಿಸುತ್ತೇನೆ.

ದುರ್ಗದ ಮೇಷ್ಟ್ರು

ಚಿತ್ರದುರ್ಗ ತಾಲೂಕಿನ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ದಾಸೋಹ ಅಂದರೆ ಹೊಸದೇನಲ್ಲ, ಮಠಗಳ ಸೀಮೆ ಇದು. ನಮ್ಮೂರಲ್ಲಿ ಗುಡಿಯ ಜಗುಲಿ ಮೇಲೆ ಹದಿನೈದು ಜನಕ್ಕೆ ಮುದ್ದೆ ಊಟ ನಡೆಯುತ್ತಿದೆ, ಸೆಪ್ಟೆಂಬರ್‌ನಿಂದ. ಮುದ್ದೆ ಬುತ್ತಿಗೆ ಬರುವುದಿಲ್ಲ, ಆರಿದರೆ ಕಲ್ಲು. ಅದಕ್ಕೇ ಕೂರಿಸಿ ಹಾಕಲು ಶುರು ಮಾಡಿದೆವು.

ಎದುರುಬದುರು ಕೂರಿಸಬೇಡಿ. ನಾವು ಎಲ್ಲರನ್ನೂ ಒಂದೇ ದಿಕ್ಕಿಗೆ, ಬೀದಿ ಕಡೆ ಮುಖ ಮಾಡಿ ಕೂರಿಸುತ್ತೇವೆ, ನಡುವೆ ಎರಡು ಮಾರು ಬಿಟ್ಟು. ಗಂಡ ಹೆಂಡತಿ ಬಂದರೆ ಒಟ್ಟಿಗೇ ಕೂರಲಿ, ಮನೆಯಲ್ಲಿ ಹೇಗೂ ಒಟ್ಟಿಗೇ ಇರುತ್ತಾರೆ. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ. ಕೈ ತೊಳೆಯಲು ಒಂದೇ ನಲ್ಲಿ ಇದ್ದರೆ ಅಲ್ಲೇ ಗುಂಪಾಗುತ್ತದೆ. ನಾವು ಎರಡು ಕಡೆ ಬಿಂದಿಗೆ, ಚೊಂಬು, ಸೋಪು ಇಟ್ಟು ಒಬ್ಬ ಹುಡುಗನನ್ನು ನೀರು ಹಾಕಲು ನಿಲ್ಲಿಸಿದ್ದೇವೆ.

ಊಟ ಆದ ಮೇಲೆ ಭಜನೆ ಮಾಡುವ ಅಭ್ಯಾಸ ನಿಮ್ಮಲ್ಲೂ ಇದೆಯಾ? ಅದನ್ನು ಒಳಗೆ ಮಾಡಬೇಡಿ. ಹಾಡುವಾಗ ಉಸಿರು ಜೋರಾಗಿ, ದೂರ ಹೋಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಗಿಟ್‌ನಲ್ಲಿ 2020ರ ಮಾರ್ಚ್‌ನಲ್ಲಿ ಸೇರಿದ್ದ ಹಾಡುಗಾರರ ತಂಡದಲ್ಲಿ 61 ಜನರ ಪೈಕಿ 50ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ನಮ್ಮಲ್ಲಿ ಗುಡಿ ಎದುರಿನ ಕಟ್ಟೆ ಮೇಲೆ, ಮಾಸ್ಕ್ ಹಾಕಿಕೊಂಡೇ ಹಾಡುತ್ತಾರೆ. ತಾಳ ಮಾತ್ರ ಹಂಚಿಕೊಳ್ಳುವುದಿಲ್ಲ.

ಊರು ಬಿಟ್ಟ ಮಗಳು

ನಾನು ಅಮೆರಿಕದಲ್ಲಿದ್ದೇನೆ, ಅಮ್ಮ ಎಂಸಿಸಿ ಬಿ ಬ್ಲಾಕ್‌ನಲ್ಲಿ ಒಬ್ಬರೇ ಇದ್ದಾರೆ. ಇಲ್ಲಿ 60 ದಾಟಿದವರಿಗೆ ಒಟ್ಟಿಗೆ ಕೂರಿಸಿ ಊಟ ಹಾಕುವುದಕ್ಕೆ ಕಾನೂನೇ ಇದೆ. 1965ರಲ್ಲಿ ಹಿರಿಯರ ಕಾಯ್ದೆ ಬಂತು, 1972ರಲ್ಲಿ ಅದಕ್ಕೆ ಊಟದ ಕಾರ್ಯಕ್ರಮ ಸೇರಿತು. ಕೋವಿಡ್ ಬಂದಾಗ ಇಲ್ಲೂ ಕೇಂದ್ರಗಳು ಮುಚ್ಚಿದವು. ಹಿರಿಯರು ಕಾರಿನಲ್ಲಿ ಬಂದು ಕಿಟಕಿಯಿಂದಲೇ ಪೊಟ್ಟಣ ತೆಗೆದುಕೊಂಡು ಹೋಗುವ ಏರ್ಪಾಡು ಆಯಿತು. ಇಲ್ಲಿ ಚೆನ್ನಾಗಿ ನಡೆದದ್ದು ಫೋನ್. ಊಟ ಕೊಟ್ಟವರೇ ದಿನಾ ಫೋನ್ ಮಾಡಿ ಮಾತಾಡಿಸುವುದು. ಬುತ್ತಿ ತೆಗೆದುಕೊಳ್ಳುವವರಿಗೆ ನೀವೂ ಅದನ್ನು ಮಾಡಿ, ಅಕ್ಕಾ. ಫೋನ್ ಕೆಲಸ ಇಲ್ಲಿಂದಲೇ ನಾನು ಮಾಡುತ್ತೇನೆ, ನನ್ನ ರಾತ್ರಿ ಅಂದರೆ ನಿಮ್ಮ ಬೆಳಗ್ಗೆ.

ಕೆಟಿಜೆ ನಗರ

ಈ ತಿಂಗಳು 1ರಿಂದ ಹಿರಿಯರಿಗೆ ಅಂತಲೇ 14567 ಸಹಾಯವಾಣಿ ದೇಶಕ್ಕೆಲ್ಲ ಶುರುವಾಗಿದೆ. ಪಿಂಚಣಿ ತೊಂದರೆ, ಮನೆಯಲ್ಲಿ ಕಿರುಕುಳ, ಒಂಟಿತನ ಎಲ್ಲದಕ್ಕೂ ಕರೆ ಮಾಡಬಹುದು, ದುಡ್ಡಿಲ್ಲ. ಬುತ್ತಿ ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಚೀಟಿ ಪ್ರಿಂಟ್ ಮಾಡಿಸಿ ನಾನೇ ತಂದುಕೊಡುತ್ತೇನೆ.

ಹಳೇಪೇಟೆ ಅಕ್ಕ | ನವೆಂಬರ್ 2021

ದೀಪಾವಳಿ ಮುಗಿಸಿ ಪಂಕ್ತಿ ಶುರು ಮಾಡಿದೆವು. ಹೇಗೆ ನಡೆಯುತ್ತಿದೆ ಅಂತ ಹೇಳುತ್ತೇನೆ.

ಊದುಬತ್ತಿ ಪರೀಕ್ಷೆಯಲ್ಲಿ ಹಾಲ್‌ನ ಒಳಗಿನ ಅರ್ಧ ಭಾಗ ಫೇಲ್. ಹೊಗೆ ಅಲ್ಲೇ ಮೋಡದಂತೆ ನಿಂತುಬಿಟ್ಟಿತು. ಆ ಭಾಗದಲ್ಲಿ ಈಗ ಅಕ್ಕಿ ಮೂಟೆ ಇಟ್ಟಿದ್ದೇವೆ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಹದಿನಾರು ಜನ, ಇನ್ನು ಕಿಟಕಿ ಪಕ್ಕ ಆರು ಜನ, ಅಷ್ಟೇ. ಒಂದು ಪಂಕ್ತಿ ಎದ್ದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು. ಒಟ್ಟು ಎರಡು ಪಂಕ್ತಿ, ಶುಕ್ರವಾರ ಮಾತ್ರ ಮೂರು. ಬುತ್ತಿ ಇನ್ನೂ ಮೂವತ್ತು ಮನೆಗೆ ಹೋಗುತ್ತದೆ. ಯಾರು ಯಾವ ಪಂಕ್ತಿ ಅನ್ನುವುದು ಬದಲಾಗುವುದಿಲ್ಲ. ಯಾರಿಗಾದರೂ ಸೋಂಕು ಬಂದರೆ ಅವರ ಜೊತೆ ಕೂತವರು ಯಾರು ಅಂತ ತಕ್ಷಣ ಗೊತ್ತಾಗಬೇಕು.

ನಾವು ಯಾರೂ ಯೋಚಿಸದ ಒಂದು ತೊಂದರೆ ಬಂತು. ಕಿವಿ ಮಂದ ಇರುವವರು ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಬಡಿಸುವವರು ಮಾಸ್ಕ್ ಹಾಕಿದ್ದರಿಂದ "ಸಾರು ಬೇಕಾ, ಮಜ್ಜಿಗೆ ಬೇಕಾ" ಅಂದದ್ದು ತಿಳಿಯದೆ ಸುಮ್ಮನೆ ತಲೆ ಆಡಿಸಿಬಿಡುತ್ತಿದ್ದರು. ಅನ್ನದ ಮೇಲೆ ಸಾರೂ ಮಜ್ಜಿಗೆಯೂ ಒಟ್ಟಿಗೆ ಬಿದ್ದು ಒಬ್ಬ ಅಜ್ಜ ಅರ್ಧಕ್ಕೇ ಎದ್ದರು. ಈಗ ಬಕೆಟ್ ಬಗ್ಗಿಸಿ ತೋರಿಸುತ್ತೇವೆ, ಸೌಟು ಎತ್ತಿ ಕಾಯುತ್ತೇವೆ, ಅವರು ಕೈ ಅಡ್ಡ ಹಿಡಿದರೆ ಬೇಡ. ಕೂಗಿ ಮಾತಾಡುವುದು ತಪ್ಪಿತು, ಅದೂ ಒಳ್ಳೆಯದೇ.

ಮಿಲ್ಲಿನ ಅಜ್ಜಾರು, ಅವರ ಗೆಳೆಯರು ಇಬ್ಬರೂ ಮೊದಲನೇ ಪಂಕ್ತಿ. ಪಕ್ಕ ಪಕ್ಕದ ಕುರ್ಚಿ, ನಡುವೆ ಆರು ಅಡಿ. ಒಬ್ಬರಿಗೊಬ್ಬರು ಸನ್ನೆಯಲ್ಲೇ ಮಿಲ್ಲಿನ ಭಾಷೆ ಆಡುತ್ತಾರೆ. ಯಂತ್ರದ ಸದ್ದಿನಲ್ಲಿ ಕಲಿತದ್ದಂತೆ.

ಕೆಟಿಜೆ ನಗರದ ತಮ್ಮ ಕೇಳಿದ್ದಕ್ಕೆ ಬರೆದಿಟ್ಟಿದ್ದೇವೆ. ಬರುವವರಲ್ಲಿ, ಬಡಿಸುವವರಲ್ಲಿ ಯಾರಿಗೆ ಪಾಸಿಟಿವ್ ಬಂದರೂ ಅದೇ ದಿನ ಎಲ್ಲರಿಗೂ ತಿಳಿಸುವುದು, ಆ ಪಂಕ್ತಿಯವರಿಗೆ 14 ದಿನ ಬುತ್ತಿ, ಆಶಾ ಅಕ್ಕನ ಮೂಲಕ ಟೆಸ್ಟ್. ವಾರ್ಡಿನಲ್ಲಿ ಕೇಸ್ ಏರತೊಡಗಿದರೆ ಸರ್ಕಾರದ ಆದೇಶಕ್ಕೆ ಕಾಯದೆ ಎಲ್ಲರಿಗೂ ಬುತ್ತಿ.

ಇನ್ನು ಈ ಮಳೆ. ನವೆಂಬರ್‌ನಲ್ಲಿ ಹೀಗೆ ಸುರಿದರೆ ಅಂಗಳ ಏನಾಗಬೇಕು? ಗದ್ದೆಯಲ್ಲಿ ಕೊಯ್ಲಿಗೆ ಬಂದ ಭತ್ತ ನೀರಲ್ಲಿ ಮಲಗಿದೆ, ಅಕ್ಕಿ ಕೊಡುವವರಿಗೇ ಕಷ್ಟ. ಮಳೆ ದಿನ ಪಂಕ್ತಿ ಇಲ್ಲ, ಬುತ್ತಿ ಅಂತ ತೀರ್ಮಾನಿಸಿದ್ದೇವೆ. ಒಳಗೆ ತುಂಬಿಕೊಳ್ಳೋಣ ಅಂತ ಹಿರಿಯರೇ ಒತ್ತಾಯಿಸಿದರೂ ಒಪ್ಪುವುದಿಲ್ಲ.

ನಿಟುವಳ್ಳಿ ನರ್ಸ್

ಮಳೆ ದಿನದ ತೀರ್ಮಾನ ತುಂಬಾ ಸರಿ. ಆವತ್ತೇ ಎಲ್ಲರೂ ಕಿಟಕಿ ಮುಚ್ಚಿ ಒಳಗೆ ಸೇರುವುದು.

ಹಳೇಪೇಟೆ ಅಕ್ಕ | ಜನವರಿ 2022

ಪಂಕ್ತಿ ನಿಲ್ಲಿಸಿದ್ದೇವೆ. ಕೋವಿಡ್‌ನ ಹೊಸ ತಳಿ ಒಮಿಕ್ರಾನ್ ಡಿಸೆಂಬರ್ 2ಕ್ಕೆ ಬೆಂಗಳೂರಲ್ಲಿ ಕಂಡಾಗಲೇ ಹಿರಿಯರನ್ನು ಕೂರಿಸಿಕೊಂಡು ಮಾತಾಡಿದ್ದೆವು. ಹೊಸ ವರ್ಷಕ್ಕೆ ವಾರ್ಡಿನಲ್ಲಿ ಜ್ವರ ಕೆಮ್ಮು ಶುರುವಾಯಿತು, ವಾರಾಂತ್ಯ ಕರ್ಫ್ಯೂ ಬರುವ ಮೊದಲೇ ಎಲ್ಲರಿಗೂ ಬುತ್ತಿ ಹೋಯಿತು. ಬುತ್ತಿಯ ವ್ಯವಸ್ಥೆಯನ್ನು ಬಿಚ್ಚಿರಲಿಲ್ಲ, ಹಾಗಾಗಿ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಬಡಿಸುವ ಇಬ್ಬರು ಹುಡುಗರಿಗೆ ಪಾಸಿಟಿವ್ ಬಂತು, ಮನೆಯಲ್ಲೇ ಇದ್ದು ಹುಷಾರಾದರು. ಅವರು ಬಡಿಸುತ್ತಿದ್ದ ಪಂಕ್ತಿಯ ಎಲ್ಲರಿಗೂ ಟೆಸ್ಟ್ ಮಾಡಿಸಿದೆವು, ಯಾರಿಗೂ ಬಂದಿರಲಿಲ್ಲ.

ಆಶಾ ಅಕ್ಕ

60 ದಾಟಿ ಶುಗರ್, ಬಿಪಿ, ಹೃದಯ, ದಮ್ಮಿನ ತೊಂದರೆ ಇರುವವರಿಗೆ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್, ಶುರುವಾಗಿದೆ. ಎರಡನೇ ಡೋಸ್ ಆಗಿ 9 ತಿಂಗಳು ಆಗಿರಬೇಕು. ಮಿಲ್ಲಿನ ಹಿರಿಯರ ಹೆಸರು ಮೊದಲು ಕಳಿಸಿ. ಬುತ್ತಿ ಕೊಡುವ ಹುಡುಗರು ಆಟೋದಲ್ಲಿ ಕರೆತಂದರೆ ಸಾಲು ಇಲ್ಲದೆ ಹಾಕಿಸುತ್ತೇನೆ.

ಊರು ಬಿಟ್ಟ ಮಗಳು

ಫೋನ್ ಪಟ್ಟಿಯಲ್ಲಿ ಒಬ್ಬ ಅಜ್ಜಿ ಎರಡು ದಿನದಿಂದ "ಊಟ ಸೇರ್ತಿಲ್ಲ, ಮಲಗೇ ಇದ್ದೀನಿ" ಅನ್ನುತ್ತಿದ್ದಾರೆ. ಜ್ವರ ಇಲ್ಲವಂತೆ. ನರ್ಸ್ ಮೇಡಂ ಹೇಳಿದ್ದು ನೆನಪಾಯಿತು. ಯಾರಾದರೂ ಈಗಲೇ ಹೋಗಿ ಆಕ್ಸಿಮೀಟರ್ ಹಾಕಿ ನೋಡುತ್ತೀರಾ? ಹೆಸರು ಅಕ್ಕನಿಗೆ ಕಳಿಸಿದ್ದೇನೆ.

ನಿಟುವಳ್ಳಿ ನರ್ಸ್

ಹೋಗಿ ಬಂದೆ. 91 ಇತ್ತು. ಅಡ್ಮಿಟ್ ಆಗಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ. ಬೇಗ ಗೊತ್ತಾಯಿತು. ತಂಗೀ, ನಿನ್ನ ಫೋನ್ ನಿಲ್ಲಿಸಬೇಡ.

ಹಳೇಪೇಟೆ ಅಕ್ಕ | ಫೆಬ್ರವರಿ 2022

ಆ ಅಜ್ಜಿ ಮನೆಗೆ ಬಂದಿದ್ದಾರೆ. ಸದ್ಯಕ್ಕೆ ಅವರಿಗೆ ಗಂಜಿ, ಹೆಸರುಬೇಳೆ ತೊವ್ವೆ ಮನೆಗೇ ಹೋಗುತ್ತದೆ.

ಕೇಸ್ ಇಳಿದಿವೆ. ಎಕ್ಸಾಸ್ಟ್ ಫ್ಯಾನ್ ಕೂತಿದೆ, ವಿನೋಬನಗರದ ಅಣ್ಣ ಕೂಲಿ ತೆಗೆದುಕೊಳ್ಳಲಿಲ್ಲ. ಮತ್ತೆ ಊದುಬತ್ತಿ ಹಚ್ಚಿ ನೋಡಿದೆವು. ಈಗ ಹೊಗೆ ಫ್ಯಾನಿನ ಕಡೆಗೆ ಓಡುತ್ತದೆ. ಆದರೂ ಒಳಗೆ ಹತ್ತಕ್ಕಿಂತ ಜಾಸ್ತಿ ಕೂರಿಸುವುದಿಲ್ಲ. ಮುಂದಿನ ಸೋಮವಾರದಿಂದ ಪಂಕ್ತಿ. ಬಿಸಿಲು ಏರುತ್ತಿದೆ, ಅಂಗಳಕ್ಕೆ ತೆಂಗಿನ ಗರಿಯ ಚಪ್ಪರ ಹಾಕಬೇಕು. ಗರಿ ಇದ್ದವರು ತಿಳಿಸಿ.

ಕೆಟಿಜೆ ನಗರ

ಗರಿ ನಮ್ಮ ತೋಟದಿಂದ ತರುತ್ತೇನೆ. ದೊಡ್ಡಮ್ಮ ಬರಬೇಕು ಅನ್ನುತ್ತಿದ್ದಾರೆ, ದೊಡ್ಡಪ್ಪ ಹೋದ ಮೇಲೆ ಮನೆಯಿಂದ ಹೊರಗೇ ಬಂದಿಲ್ಲ. ಎರಡೂ ಡೋಸ್ ಆಗಿದೆ, ಶುಗರ್ ಇದೆ, ಇನ್ಸುಲಿನ್ ಇಲ್ಲ, ಮಾತ್ರೆ ಮಾತ್ರ. ಯಾವ ಪಂಕ್ತಿಗೆ ಬರಬೇಕು, ಅಕ್ಕಾ?

ಹಳೇಪೇಟೆ ಅಕ್ಕ

ಎರಡನೇ ಪಂಕ್ತಿ, ಒಂದೂಕಾಲಿಗೆ. ಬರುವಾಗ ಮಾತ್ರೆ ಜೊತೆಗೆ ತರಲಿ. ಮಂಗಳವಾರ, ಗುರುವಾರ ಬಡಿಸಲು ಇನ್ನೂ ಇಬ್ಬರು ಬೇಕು. ಓದುತ್ತಿರುವವರಲ್ಲಿ ಯಾರಿಗೆ ಆಗುತ್ತದೆ ಇಲ್ಲೇ ಬರೆಯಿರಿ.